ಓದಲಾಗದ ಪತ್ರಕ್ಕೆ ಸಹಿ ಹಾಕಬೇಡಿ!

ಮೊನ್ನೆ ನಮ್ಮ ಬಡಾವಣೆಯ ಹಿರಿಯರೊಬ್ಬರು ಮನೆಗೆ ಬಂದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲಾ ಸುರಿದು, ತಾವಿರುವ ಮನೆಯ ಮೇಲೆ ಎರಡು ಮನೆ ಕಟ್ಟಿಸಿದವರು. ಕೈಯಲ್ಲಿ ನಾಲ್ಕು ಹಾಳೆಯ ಬಾಡಿಗೆ ಕರಾರು. ಪೂರಾ ಇಂಗ್ಲಿಷು. “ಬಾಡಿಗೆ ಏರಿಸ್ತೀನಿ ಅಂದ್ರೆ ಆಗಲ್ಲ ಅಂತಾರೆ. ಇದ್ರಲ್ಲೇನಿದೆ, ಸ್ವಲ್ಪ ಓದಿ ಹೇಳಪ್ಪ” ಅಂದರು. ಓದಿದೆ. ಬಾಡಿಗೆದಾರ ಬಯಸಿದರೆ ಅದೇ ಬಾಡಿಗೆಗೆ ಎರಡು ಸಲ ಕರಾರು ನವೀಕರಿಸಬೇಕು. ಖಾಲಿ ಮಾಡಿದ ದಿನವೇ ಅಡ್ವಾನ್ಸ್ ಪೂರ್ತಿ ವಾಪಸ್ ಕೊಡಬೇಕು. ಸುಣ್ಣಬಣ್ಣಕ್ಕೆಂದು ಒಂದು ಪೈಸೆ ಹಿಡಿಯುವಂತಿಲ್ಲ. ಪ್ರತಿ ಹಾಳೆಯ ಕೆಳಗೂ ಹಿರಿಯರ ಸಹಿ, ಅಚ್ಚ ಕನ್ನಡದಲ್ಲಿ!

“ಮಾಮೂಲಿ ಪತ್ರ ಅಂತ ಬ್ರೋಕರ್ ಹೇಳಿದ, ಹಾಕಿದೆ.”

ಬಾಡಿಗೆದಾರನನ್ನು ಬೈದು ಪ್ರಯೋಜನವಿಲ್ಲ. ಅವನು ಓದಿ ಸಹಿ ಹಾಕಿದ, ಇವರು ಓದದೆ ಹಾಕಿದರು. ತಪ್ಪು ಯಾರದು ಸ್ವಾಮಿ?

ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಇಂಥ ಸಣ್ಣ ಮಾಲೀಕರಿದ್ದಾರೆ. ಇವರು ಸಾಹುಕಾರರಲ್ಲ. ಎರಡು ಮನೆಯ ಬಾಡಿಗೆಯೇ ಇವರ ಪಿಂಚಣಿ. ಬಾಡಿಗೆ ಕಾನೂನು ತಮ್ಮನ್ನು ಕಾಯುತ್ತದೆ ಎಂದು ಇವರು ನಂಬಿದ್ದಾರೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಇಂದು ಆ ದುಡ್ಡಿಗೆ ಒಂದು ಕೋಣೆ ಸಿಕ್ಕೀತೇ? ಉಳಿದವರಿಗೆಲ್ಲಾ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಕರಾರು. ಅಂದರೆ ಆ ನಾಲ್ಕು ಹಾಳೆಯೇ ನಿಮ್ಮ ಪಾಲಿನ ಕಾನೂನು. ಅದನ್ನೇ ಓದದಿದ್ದರೆ ಹೇಗೆ?

ಆದ್ದರಿಂದ ಮೊದಲ ಮಾತು: ಕರಾರು ಕನ್ನಡದಲ್ಲಿ ಬರೆಸಿ. ಕನ್ನಡದ ಪತ್ರ ನ್ಯಾಯಾಲಯಕ್ಕೂ ನಡೆಯುತ್ತದೆ, ನೋಂದಣಿಗೂ ನಡೆಯುತ್ತದೆ. ಬಾಡಿಗೆದಾರನಿಗೆ ಕನ್ನಡ ಬಾರದೆ? ಅವನಿಗೆ ತಿಳಿಯುವ ಭಾಷೆಯಲ್ಲಿ ಒಂದು ಪ್ರತಿ ಕೊಡಿ. ನಮಗೆ ಆದ ಅನ್ಯಾಯ ಅವನಿಗೂ ಆಗಬಾರದು. ಬಾಡಿಗೆ ಎಷ್ಟು, ಯಾವ ತಾರೀಖಿಗೆ, ವರ್ಷಕ್ಕೆ ಎಷ್ಟು ಏರಿಕೆ, ಖಾಲಿ ಮಾಡಲು ಎಷ್ಟು ದಿನದ ನೋಟಿಸು, ಬಣ್ಣಕ್ಕೆ ಎಷ್ಟು ಹಿಡಿಯುವುದು, ನೀರು ಕರೆಂಟಿನ ಲೆಕ್ಕ ಹೇಗೆ, ಎಲ್ಲವನ್ನೂ ಬರೆಯಿರಿ. ಒಂದು ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಎಲ್ಲರೂ 11 ತಿಂಗಳು ಎಂದು ಬರೆಸುವ ಗುಟ್ಟು ಇದೇ. ಬಾಡಿಗೆ ಕೊಡದಿದ್ದರೂ ಬೀಗ ಜಡಿಯುವುದು, ನೀರು ನಿಲ್ಲಿಸುವುದು ಬೇಡ. ನೋಟಿಸು ಕೊಡಿ, ನ್ಯಾಯಾಲಯಕ್ಕೆ ಹೋಗಿ. ದಬಾಯಿಸಲು ಹೋದರೆ ಸರಿಯಿದ್ದ ನೀವೇ ತಪ್ಪಿತಸ್ಥರಾಗುತ್ತೀರಿ.

ಎರಡನೆಯದು ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಪಡೆಯುವುದು ಹಳೇ ರೂಢಿ. ಅದು ನಿಮ್ಮ ದುಡ್ಡಲ್ಲ, ಸಾಲ! ಮಗಳ ಮದುವೆಗೆ ಖರ್ಚು ಮಾಡಿ, ಬಾಡಿಗೆದಾರ ಹೊರಟು ನಿಂತಾಗ ಬಡ್ಡಿಗೆ ತಂದು ಕೊಟ್ಟವರು ಎಷ್ಟು ಜನ! ಭೋಗ್ಯದ ಕಥೆ ಇನ್ನೂ ಘೋರ. ಲಕ್ಷಗಟ್ಟಲೆ ಒಟ್ಟಿಗೆ ಪಡೆದು ಅದರಲ್ಲೇ ಮೇಲಿನ ಮಹಡಿ ಎಬ್ಬಿಸುತ್ತಾರೆ. ಅವಧಿ ಮುಗಿದ ದಿನ ಅಷ್ಟೂ ಹಣ ಎಣಿಸಬೇಕು. ಮತ್ತೊಬ್ಬ ಭೋಗ್ಯದಾರ ಸಿಗದಿದ್ದರೆ? ಮನೆಯೇ ಮಾರಬೇಕು. ಆ ಹಣವನ್ನು ಬ್ಯಾಂಕಿನಲ್ಲಿ ಇಡಲು ಆಗದವರು ಭೋಗ್ಯಕ್ಕೆ ಕೊಡಲೇಬೇಡಿ.

ಮೂರನೆಯದು, ಹೊಸದಾಗಿ ಸೈಟು ಕೊಳ್ಳುವವರಿಗೆ. ‘ಖಾತೆ ಇದೆ ಸಾರ್, ಎಲ್ಲಾ ಕ್ಲಿಯರ್’ ಎನ್ನುತ್ತಾನೆ ಏಜೆಂಟ. ಖಾತೆ ಎಂದರೆ ತೆರಿಗೆಯ ಲೆಕ್ಕ, ಒಡೆತನದ ಪತ್ರವಲ್ಲ. ಜಿಪಿಎ ಮೇಲೆ ಕೊಂಡರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿದೆ. ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳನ್ನು ಕೊಂಡಿ ಕಳಚದಂತೆ ಜೋಡಿಸಿ ನೋಡಿ. ಋಣಭಾರ ಪತ್ರ ತೆಗೆಸಿ. ಹೊಲವಾಗಿದ್ದ ಜಾಗವಾದರೆ ಪಹಣಿ, ಭೂಪರಿವರ್ತನೆ ಆದೇಶ ಮತ್ತು ಬಡಾವಣೆಯ ನಕ್ಷೆಗೆ ಸಿಕ್ಕ ಮಂಜೂರಾತಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂದು ವಿಚಾರಿಸಿ. ಹೌದಾದರೆ, ಸರ್ಕಾರದ ಅನುಮತಿಯಿಲ್ಲದ ಮಾರಾಟ 1978ರ ಕಾಯ್ದೆಯಂತೆ ಅಸಿಂಧು. ಆ ಜಮೀನು ಬಿಡಿಸಿಕೊಳ್ಳಲು ಅರ್ಜಿ ಹಾಕುವುದಕ್ಕೆ ಇದ್ದ ಕಾಲಮಿತಿಯ ತೊಡಕನ್ನೂ 2023ರ ತಿದ್ದುಪಡಿ ತೆಗೆದಿದೆ. ಬಡವನ ಭೂಮಿ ಅವನಿಗೆ ಮರಳುವುದು ನ್ಯಾಯವೇ. ಕೇಳದೆ ಕೊಂಡವನು ಮಾತ್ರ ಬೀದಿಪಾಲು. ವಕೀಲರಿಗೆ ಕೊಡುವ ಕೆಲವು ಸಾವಿರಕ್ಕೆ ಜಿಪುಣತನ ತೋರಿ ಲಕ್ಷಗಳನ್ನು ನೀರಿಗೆ ಹಾಕಬೇಡಿ. ಆ ವಕೀಲ ಏಜೆಂಟನ ಕಡೆಯವನಾಗಿರಬಾರದು, ಅಷ್ಟೆ.

ಕೊನೆಯದು ಸಾಲದ ಲೆಕ್ಕ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 40 ಲಕ್ಷ ಸಾಲ, ಶೇಕಡಾ 9ರ ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 36,000 ರೂಪಾಯಿ. ಎರಡು ಮನೆಗೆ ತಲಾ 15,000 ಬಾಡಿಗೆ ಬಂದರೆ 30,000. ಮನೆ ತುಂಬಿದ್ದಾಗಲೇ ನಿಮ್ಮ ಕೈಯಿಂದ 6,000 ಹೋಯಿತು! ಅದರ ಮೇಲೆ ಕಂದಾಯ, ಮೋಟಾರು ರಿಪೇರಿ, ಸೋರುವ ಚಾವಣಿ. ವರ್ಷಕ್ಕೆ ಹತ್ತು ತಿಂಗಳ ಬಾಡಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಆಗ ತಿಂಗಳಿಗೆ 25,000 ಬಿತ್ತು. ಸಾಲ 25 ಲಕ್ಷಕ್ಕೆ ನಿಂತರೆ ಕಂತು ಸುಮಾರು 22,500. ಉಳಿದ ಹಣ ರಿಪೇರಿಗೆ. ಅಷ್ಟಕ್ಕೆ ಒಂದೇ ಮನೆ ಏಳುವುದಾದರೆ ಒಂದೇ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಹಳ್ಳಿಯ ಹೊಲ ಮಾರಿ ಸೈಟು ಕೊಂಡವರು, ಒಡವೆ ಅಡವಿಟ್ಟು ಮಹಡಿ ಎಬ್ಬಿಸಿದವರು ನಮ್ಮ ಜನ. ಇವರು ಕೆಡುವುದು ಕಷ್ಟಪಡದೆ ಅಲ್ಲ, ಕೇಳಲು ನಾಚಿ. ‘ಇದು ಕನ್ನಡದಲ್ಲಿ ಇಲ್ಲವೇ? ನನಗೆ ಓದಿ ಹೇಳಿ’ ಎನ್ನುವುದು ದಡ್ಡತನವಲ್ಲ ಬಂಧುಗಳೇ, ಅದು ಮಾಲೀಕನ ಹಕ್ಕು.

ಆ ಹಿರಿಯರು ಈಗ ಕರಾರಿನ ಅವಧಿ ಮುಗಿಯುವುದನ್ನು ಕಾಯುತ್ತಿದ್ದಾರೆ. ಮುಂದಿನ ಕರಾರು ಕನ್ನಡದಲ್ಲಿ ಬರೆದುಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ನಿಮ್ಮ ಬೀದಿಯಲ್ಲೂ ಅಂಥವರಿದ್ದಾರೆ. ಓದು ಬಲ್ಲ ಹುಡುಗರೇ, ಇವತ್ತು ಸಂಜೆ ಅವರ ಮನೆಗೆ ಹೋಗಿ. ಅವರ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ.