ಜೆಟ್ಟು ಕೊಳ್ಳುವ ಮೊದಲು ನೀರು ಅಳೆಯಿರಿ

ತುಂತುರು ನೀರಾವರಿ ಅಳವಡಿಸಬೇಕೆನ್ನುವ ರೈತರು ಮೊದಲು ಕೇಳುವುದು, ಎಕರೆಗೆ ಎಷ್ಟು ಪೈಪು, ಎಷ್ಟು ಜೆಟ್ಟು ಎಂದು. ಮಾರಾಟಗಾರರೂ ಎಕರೆ ಲೆಕ್ಕದಲ್ಲೇ ಪಟ್ಟಿ ಬರೆದುಕೊಡುತ್ತಾರೆ. ಸಹಾಯಧನವೂ ವಿಸ್ತೀರ್ಣದ ಮೇಲೆಯೇ ನಿಗದಿಯಾಗುತ್ತದೆ. ಬಾವಿಯಲ್ಲಿ ನೀರೆಷ್ಟು ಎಂದು ಕೇಳುವವರು ವಿರಳ. ಈ ಕ್ರಮ ಸರಿಯಲ್ಲ.

"ಎರಡಿಂಚು ನೀರಿದೆ" ಎನ್ನುವುದು ಅಳತೆಯಲ್ಲ. 200 ಲೀಟರಿನ ಡ್ರಮ್ಮು ತುಂಬಲು 100 ಸೆಕೆಂಡು ಹಿಡಿದರೆ ಸೆಕೆಂಡಿಗೆ 2 ಲೀಟರ್ ನೀರು ಬರುತ್ತಿದೆ ಎಂದರ್ಥ. ಆದರೆ ಡ್ರಮ್ಮಿಗೆ ಬಿಡುವಾಗ ಪಂಪಿಗೆ ತಡೆಯಿರುವುದಿಲ್ಲ. ಜೆಟ್ಟಿಗೆ ಬೇಕಾದ ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.5 ಕಿಲೋಗ್ರಾಂ, ನೀರನ್ನು ಇನ್ನೂ 25 ಮೀಟರ್ ಮೇಲೆತ್ತುವುದಕ್ಕೆ ಸಮ. ಆಗ ಬರುವ ನೀರು ಕಡಿಮೆ. ಆದ್ದರಿಂದ ಗೇಟ್ ವಾಲ್ವನ್ನು ಮುಚ್ಚುತ್ತಾ ಬಂದು, ಒತ್ತಡ ಮಾಪಕದ ಮುಳ್ಳು 2.5ಕ್ಕೆ ನಿಂತಾಗ ಹೊರಬೀಳುವ ನೀರನ್ನೇ ಅಳೆಯಬೇಕು. ಅದೂ ಬೇಸಿಗೆಯಲ್ಲಿ, ಪಂಪು ಕೆಲವು ಗಂಟೆ ಓಡಿದ ಮೇಲೆ. ಮಳೆಗಾಲದ ಅಳತೆ ನಂಬಿದವರಿಗೆ ಏಪ್ರಿಲ್‌ನಲ್ಲಿ ಫಜೀತಿ ತಪ್ಪದು.

ಹೀಗೆ ಅಳೆದಾಗಲೂ 2 ಲೀಟರ್ ಸಿಕ್ಕರೆ, ಅರ್ಧ ಲೀಟರಿನ ಜೆಟ್ಟುಗಳು ಒಮ್ಮೆಗೆ ನಾಲ್ಕೇ. ಎಂಟು ಜೋಡಿಸಿದರೆ ಬೇಗ ಮುಗಿಯುವುದೆಂಬುದು ಭ್ರಮೆ. ಒತ್ತಡ ಕುಸಿದು ನೀರು ಸಣ್ಣ ಹನಿಗಳಾಗಿ ಒಡೆಯುವುದಿಲ್ಲ. ಜೆಟ್ಟಿನ ಸುತ್ತ ಬಳೆಯಾಕಾರದಲ್ಲಿ ನೆನೆದು ಉಳಿದ ನೆಲ ಒಣಗಿರುತ್ತದೆ. ಸಮನಾಗಿ, ಸಾಕಷ್ಟು ನೀರು ಬೀಳುವುದರ ಬೆಲೆಯನ್ನು ರೊಬಸ್ಟಾ ಕಾಫಿ ಬೆಳೆಗಾರರು ಬಲ್ಲರು: ಹೂಮಳೆಗೆ ಬದಲಾಗಿ ಕೊಟ್ಟ ನೀರು ಸಾಲದಾದರೆ ಮೊಗ್ಗು ಪೂರ್ತಿ ಅರಳುವುದಿಲ್ಲ.

ಮಣ್ಣನ್ನೂ ನೋಡಬೇಕು. ಅರ್ಧ ಲೀಟರಿನ ಜೆಟ್ಟುಗಳನ್ನು 12 ಮೀಟರ್‌ಗೆ 12 ಮೀಟರ್ ಅಂತರದಲ್ಲಿಟ್ಟರೆ ಗಂಟೆಗೆ 12.5 ಮಿಲಿಮೀಟರ್ ನೀರು ಬೀಳುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಇದನ್ನು ಕುಡಿಯಬಲ್ಲದು. ಎರೆಭೂಮಿ ಕುಡಿಯದು, ಸ್ವಲ್ಪ ಹೊತ್ತಿಗೇ ನೀರು ಬದುವಿನತ್ತ ಹರಿಯುತ್ತದೆ. ಅಲ್ಲಿಗೆ ಸಣ್ಣ ರಂಧ್ರದ ಜೆಟ್ಟೇ ಸರಿ.

ದರಪಟ್ಟಿಯೊಂದಿಗೆ ನಕ್ಷೆಯನ್ನೂ ಕೇಳಿ. ಒಮ್ಮೆಗೆ ಎಷ್ಟು ಜೆಟ್ಟು ನಡೆಯುತ್ತವೆ, ಪೈಪಿನ ಅಳತೆಯೇನು, ಸಾಲಿನ ಮೊದಲ ಮತ್ತು ಕೊನೆಯ ಜೆಟ್ಟಿನ ಒತ್ತಡವೆಷ್ಟು ಎಂಬುದು ಅದರಲ್ಲಿರಬೇಕು. ಈ ಒತ್ತಡಗಳ ವ್ಯತ್ಯಾಸ ಶೇಕಡ 20ನ್ನು ಮೀರಬಾರದು. ನಕ್ಷೆ ಕೊಡದವರಿಗೆ ಮುಂಗಡ ಕೊಡಬೇಡಿ. ಸಹಾಯಧನದ ಅರ್ಜಿಯಲ್ಲಿ ಪಹಣಿಗೆ ಇರುವಷ್ಟೇ ಮಹತ್ವ ಬಾವಿಯ ನೀರಿನ ಅಳತೆಗೂ ಸಿಗಬೇಕು.