ದಯೆ ಬೇಡ, ಕಲಂ ಬರೀರಿ

ಹಾಸ್ಟೆಲ್ ಗೆಳೆಯರೇ,

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ನಮ್ಮ ಅಪ್ಪಂದಿರು ಹಳೇ ಸಾಗುವಳಿ ಚೀಟಿ ಹಿಡ್ಕೊಂಡು ದುರ್ಗದ ಎ.ಸಿ. ಕಚೇರಿಗೆ ಬರ್ತಾರೆ. ಅರ್ಜಿ ಬರೆಯೋನು ದುಡ್ಡು ಇಸ್ಕೊಂಡು, ‘ಬಡವನಾದ ನನಗೆ ದಯಮಾಡಿ ಭೂಮಿ ಕೊಡಿಸಿ’ ಅಂತ ಗೀಚಿ ಹೆಬ್ಬೆಟ್ಟು ಒತ್ತಿಸ್ತಾನೆ. ದಯೆ ಯಾಕ್ರೀ? ಕಾನೂನೇ ಇದೆಯಲ್ಲ!

1978ರ ಪಿ.ಟಿ.ಸಿ.ಎಲ್. ಕಾಯ್ದೆ ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರೇ ಕೊಂಡಿರಲಿ, ಆ ಕ್ರಯ ಅನೂರ್ಜಿತ. 5ನೇ ಕಲಂ ಪ್ರಕಾರ ಎ.ಸಿ. ಅದನ್ನು ಬಿಡಿಸಿ ಮಂಜೂರಾತಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಕೊಡಬೇಕು. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಅದೇ ಕೋರ್ಟು 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ‘ಇಷ್ಟು ತಡ ಯಾಕೆ’ ಅಂದಿತು. ಆ ತೀರ್ಪು ತೋರಿಸಿ ಎಷ್ಟೋ ಅರ್ಜಿ ಬೀಳಿಸಿದರು. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲವೆಂಬ ತಿದ್ದುಪಡಿ ಬಂತು. 2024ರಲ್ಲಿ ಹೈಕೋರ್ಟು ಮತ್ತೆ ತಡದ ಮಾತೆತ್ತಿದೆ.

ಅದಕ್ಕೇ ತಡಕ್ಕೆ ಕಾರಣ ಅರ್ಜಿಯಲ್ಲೇ ಇರಬೇಕು. ಅಪ್ಪನಿಗೆ ಓದು ಬರ್ತಿರಲಿಲ್ಲ, ಜಮೀನು ಬರೆಸಿಕೊಂಡ ಧಣಿ ಮನೇಲೇ ಜೀತಕ್ಕಿದ್ದ. ಇದನ್ನ ಅರ್ಜಿ ಬರೆಯೋನು ಕೇಳೋದೂ ಇಲ್ಲ, ಬರೆಯೋದೂ ಇಲ್ಲ. ಮನೆಮಗನಾದ ನಿನಗೆ ಗೊತ್ತು. ಸಭೇಲಿ ಧಿಕ್ಕಾರ ಕೂಗೋಕೆ ನಾವೆಲ್ಲ ಮುಂದು, ಒಂದು ಪುಟ ಬರೀ ಅಂದ್ರೆ ಪೆನ್ನಿಲ್ಲ!

ಈ ರಜಕ್ಕೆ ಊರಿಗೆ ಹೋದಾಗ ತಾಲ್ಲೂಕು ಕಚೇರೀಲಿ ಮಂಜೂರಾತಿ ಆದೇಶದ, ಹಳೇ ಪಹಣಿಯ ದೃಢೀಕೃತ ನಕಲು ತೆಗೆಸಿ. ಮಂಜೂರಾದ ದಿನ, ಷರತ್ತು, ಕ್ರಯದ ದಿನ, ಕಲಂ, ತಡದ ಕಾರಣ, ಎಲ್ಲಾ ನಿಮ್ಮ ಕೈಯಾರೆ ಬರೆದು ಕೊಡಿ. ಸೀಲು ಬಿದ್ದ ಸ್ವೀಕೃತಿ ಇಸ್ಕೊಳ್ಳದೆ ಕಚೇರಿ ಮೆಟ್ಟಿಲು ಇಳೀಬೇಡಿ.