ನೀರು ಇಳಿದ ಮೇಲೆ ನಾವೆಲ್ಲಿ?

2022ರ ಆಗಸ್ಟ್ ಕೊನೆಯ ಮಳೆ ನೆನಪಿದೆಯಾ? ರಾಮನಗರದ ಹತ್ತಿರ ಕೆರೆಗಳು ಕೋಡಿ ಬಿದ್ದು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಸ್ಸು ಮುಳುಗಿದ ವಿಡಿಯೊ ಎಲ್ಲರ ವಾಟ್ಸ್‌ಆ್ಯಪ್‌ನಲ್ಲೂ ಓಡಾಡಿತ್ತು. ಚನ್ನಪಟ್ಟಣದಲ್ಲೂ ಮನೆಗಳಿಗೆ ನೀರು ನುಗ್ಗಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿಕೊಂಡು ಹೋದರು.

ಇಂಥ ಹೊತ್ತಲ್ಲಿ ಕಾಲೇಜುಗಳು ಸುಮ್ಮನಿರಲ್ಲ. ಬಿಸ್ಕತ್ತು, ಬೆಡ್‌ಶೀಟು, ಹಳೇ ಬಟ್ಟೆ ತುಂಬಿಕೊಂಡು ಹೋಗ್ತೀವಿ, ಫೋಟೊ ಹಾಕ್ತೀವಿ, ಮೂರನೇ ದಿನಕ್ಕೆ ಇಂಟರ್ನಲ್ಸ್ ಅಂತ ವಾಪಸ್ ಬರ್ತೀವಿ. ಒಳ್ಳೇದೇ. ಆದರೆ ಕಾಯಿಲೆ ಬರೋದು ನಾವು ಬಂದ ಮೇಲೆ. ಇಲಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬೆಳೆಯಲು ಸುಮಾರು ಒಂದು ವಾರ. 2018ರಲ್ಲಿ ಕೇರಳದಲ್ಲಿ ಪ್ರವಾಹ ಇಳಿದ ಮೇಲೇ ಇಲಿ ಜ್ವರ ಹರಡಿದ್ದು.

ನಮ್ಮ ಭಾಗದಲ್ಲಿ ಇನ್ನೊಂದು ತಲೆನೋವಿದೆ. ಮಾಗಡಿ ಸೀಮೆಯ ಮಂಚನಬೆಲೆ ದಾಟಿ ರಾಮನಗರದ ಮೇಲೆ ಹರಿಯುವ ಅರ್ಕಾವತಿಗೆ, ಕನಕಪುರದ ಕಡೆ ವೃಷಭಾವತಿ ಸೇರುತ್ತದೆ. ಅದರಲ್ಲಿ ಬರುವುದು ಬೆಂಗಳೂರಿನ ಕೊಳಚೆ. ಉಕ್ಕಿದಾಗ ಅದು ಯಾರ ಬಾವಿಗೆ ಸೇರುತ್ತೆ ಅಂತ ಯೋಚಿಸಿ.

ಇಲ್ಲಿ ಬೇಕಾದ ಕೆಲಸ ನಮ್ಮ ಸಿಲಬಸ್‌ನಲ್ಲೇ ಇದೆ. ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಅನ್ನುವುದು ಪುಸ್ತಕದ ಲೆಕ್ಕ. ಆದರೆ ಕದಡಿದ ನೀರು ಕ್ಲೋರಿನ್ ನುಂಗುತ್ತದೆ, ತೆರೆದಿಟ್ಟ ಪೌಡರ್ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಹಾಕಿದರೆ ಸಾಲದು, ಅರ್ಧ ಗಂಟೆ ಬಿಟ್ಟು ಅಳೆಯಬೇಕು, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸಿವಿಲ್‌ನವರು ಲ್ಯಾಬ್‌ನಲ್ಲಿ ಮಾರ್ಕ್ಸಿಗಾಗಿ ಮಾಡೋದೂ ಇದೇ ಟೆಸ್ಟ್.

"ಅದು ಆರೋಗ್ಯ ಇಲಾಖೆ ಕೆಲಸ ಅಲ್ವಾ ಗುರು?" ಅನ್ನಬಹುದು. ಹೌದು, ಜವಾಬ್ದಾರಿ ಅವರದೇ. ಜ್ವರಕ್ಕೆ ಮಾತ್ರೆ ಕೊಡೋದಕ್ಕೆ ನಾವು ಕೈಹಾಕಲೂಬಾರದು. ಆದರೆ ಮನೆಮನೆ ಸುತ್ತುವ ಆಶಾ ಅಕ್ಕಂದಿರಿಗೆ ಜ್ವರದ ಲೆಕ್ಕ, ಲಾರ್ವಾ ಹುಡುಕಾಟ, ನೀರಿನ ಪರೀಕ್ಷೆ ಎಲ್ಲ ಒಟ್ಟಿಗೇ ಬಂದರೆ ಕೈ ಎಷ್ಟು ಸಾಕು? ಅವರು ಹೇಳಿದ ಬೀದಿಯಲ್ಲಿ, ಅವರ ಜೊತೆ ಹೋಗಿ, ಟ್ಯಾಂಕು ಬಾವಿಗಳ ನೀರು ಅಳೆದು ಪಟ್ಟಿ ಕೊಡುವುದು ನಮ್ಮಿಂದ ಆಗುತ್ತದೆ.

ಅದಕ್ಕೆ ನನ್ನದೊಂದೇ ಒತ್ತಾಯ: ನಮ್ಮ ಎನ್‌ಎಸ್‌ಎಸ್ ಘಟಕ ನೆರೆಗೆ ಎತ್ತಿಡುವ ದುಡ್ಡಿನಲ್ಲಿ ಅರ್ಧವನ್ನು ಎರಡನೇ ವಾರಕ್ಕೆ ಮೀಸಲಿಡಲಿ. ಟೆಸ್ಟ್ ಕಿಟ್, ಗಮ್‌ಬೂಟು, ಓಆರ್‌ಎಸ್ ಮಳೆಗಾಲಕ್ಕೆ ಮುಂಚೆಯೇ ಬರಲಿ. ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಮೇ ತಿಂಗಳಲ್ಲೇ ಭೇಟಿಯಾಗಿ ಯಾವ ಬೀದಿ ನಮ್ಮದು ಅಂತ ಕೇಳೋಣ. ಮೊದಲ ದಿನ ಹೋಗೋಕೆ ಜನ ಸಿಗ್ತಾರೆ. ಹತ್ತನೇ ದಿನಕ್ಕೆ ಯಾರ್ಯಾರು ಬರ್ತೀರಾ, ಈಗಲೇ ಹೆಸರು ಕೊಡಿ.